ಪದಚರ್ಚೆ: ಗಿಟಾರ್ ಸ್ಪೀಕರಿನ ದನಿ ಒಡೆಯುವುದೋ, ಬಿರಿಯುವುದೋ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮೈಕ್‌ಸೆಟ್ಟಿನವರು ಸ್ಪೀಕರ್ ಕೆಟ್ಟರೆ ‘ಸೌಂಡ್ ಒಡೀತಾ ಇದೆ’ ಅನ್ನುತ್ತಾರೆ. ಗಿಟಾರ್ ನುಡಿಸುವವರು ಇಷ್ಟಪಡುವ ಒರಟು ದನಿ, ಅವರ ಮಾತಿನ ‘ಬ್ರೇಕಪ್’ ಅನ್ನೂ ‘ಒಡೆಯುವುದು’ ಅಂದರೆ ತೊಂದರೆಯಿದೆ. ಮೊದಲನೆಯದು ರಿಪೇರಿಗೆ ಕೊಡಬೇಕಾದ ಸ್ಪೀಕರು, ಎರಡನೆಯದು ಆ ದನಿಗೆಂದೇ ಹುಡುಕಿ ತರಿಸಿಕೊಳ್ಳುವ ಸ್ಪೀಕರು. ‘ಒಡೀತಿದೆ’ ಅನ್ನುವ ಮಾತು ನಂಬಿ ಸರಿಯಿರುವ ಪೇಪರ್ ಕಿತ್ತು ಬೇರೆ ಹಾಕಿಬಿಟ್ಟರೆ ಹಳೆಯ ದನಿ ಮತ್ತೆ ಸಿಗುವುದಿಲ್ಲ. ಹಾಗಾಗಿ ಇದು ಬರೀ ಪದದ ಪ್ರಶ್ನೆಯಲ್ಲ.

ಬ್ರೇಕಪ್ ಅನ್ನುವ ಒಂದೇ ಮಾತಿನಲ್ಲಿ ಎರಡು ಸಂಗತಿ ಬೆರೆತಿವೆ. ವಾಲ್ವ್ ಆಂಪನ್ನು (ಗಾಜಿನ ವಾಲ್ವುಗಳಿಂದ ದನಿ ಹಿಗ್ಗಿಸುವ ಆಂಪ್ಲಿಫೈಯರ್) ಏರಿಸುತ್ತ ಹೋದಂತೆ ಅಲೆಯ ನೆತ್ತಿ ಚಪ್ಪಟೆಯಾಗಿ, ತಂತಿ ಕೊಡದ ಮೇಲುಸ್ವರಗಳು ಹುಟ್ಟುತ್ತವೆ. ಇದು ಆಂಪಿನದು. ಇನ್ನೊಂದು ಕೋನಿನದು, ಅಂದರೆ ಅದುರಿ ದನಿ ಕೊಡುವ ಆ ಪೇಪರಿನದು. 12 ಇಂಚಿನ ಕಾಗದದ ಕೋನು ತಗ್ಗಿನ ಸ್ವರಗಳಿಗೆ ಇಡಿಯಾಗಿ ಹಿಂದೆಮುಂದೆ ಚಲಿಸುತ್ತದೆ. ಸುಮಾರು 1000 ಹರ್ಟ್ಸ್ ದಾಟಿದ ಮೇಲೆ ನಡು ಒಂದು ಕಡೆ, ಅಂಚು ಇನ್ನೊಂದು ಕಡೆ ಅಲುಗುತ್ತವೆ. ಮದ್ದಳೆಯ ಮುಚ್ಚಿಗೆ ಭಾಗಭಾಗವಾಗಿ ಕಂಪಿಸುವ ಹಾಗೆ. ಇದು ಮೆಲ್ಲಗೆ ನುಡಿಸಿದರೂ ಆಗುತ್ತದೆ, ಜೋರು ಮಾಡಿದಾಗ ಕಾಯಿಲು (ಕೋನನ್ನು ಅಲುಗಿಸುವ ತಂತಿಸುರುಳಿ) ಮತ್ತು ಅಂಚಿನ ಮಡಿಕೆ ಮಿತಿ ಮುಟ್ಟಿ ಇನ್ನಷ್ಟು ಒರಟಾಗುತ್ತದೆ. ಸ್ಪೀಕರಿನಿಂದ ಸ್ಪೀಕರಿಗೆ ದನಿ ಬೇರೆಯಾಗುವುದು ಬಹುಪಾಲು ಇಲ್ಲೇ: ಕಾಗದದ ದಪ್ಪ, ಅದರ ಮೇಲಿನ ಏಣುಗಳು, ಅಂಚಿಗೆ ಬಳಿದ ಅಂಟು, ನಡುವಿನ ಟೊಪ್ಪಿ. ಗಿಟಾರ್ ಸ್ಪೀಕರಿನಲ್ಲಿ 2000ದಿಂದ 4000 ಹರ್ಟ್ಸ್ ನಡುವೆ ದನಿ ಉಬ್ಬಿ, 5000ದ ಆಚೆ ಕಡಿದಂತೆ ಇಳಿಯುತ್ತದೆ. ಆ ಇಳಿತ ಇಲ್ಲದಿದ್ದರೆ ಏನಾಗುತ್ತದೆಂದು ತಿಳಿಯಬೇಕೆ? ಡಿಸ್ಟಾರ್ಷನ್ ಹಾಕಿದ ಗಿಟಾರನ್ನು ಟ್ವೀಟರ್ (ಮೇಲುಸ್ವರಗಳಿಗೆಂದೇ ಇರುವ ಸಣ್ಣ ಸ್ಪೀಕರು) ಇರುವ ಸಭೆಯ ಸ್ಪೀಕರಿಗೆ ನೇರ ಕೊಟ್ಟು ನೋಡಿ, ಆಗುಂಬೆ ಘಾಟಿಯ ಜೀರುಂಡೆ ಕಿವಿಯೊಳಗೇ ಕೂತಂತಿರುತ್ತದೆ. ಆ ದನಿಗೆ ‘ಜೀರುಂಡೆ’ ಅನ್ನುವುದಕ್ಕಿಂತ ಒಳ್ಳೆಯ ಹೆಸರು ಬೇಕಿಲ್ಲ.

ಆಂಪಿನದು, ಕೋನಿನದು ಎರಡಕ್ಕೂ ನನ್ನ ಸೂಚನೆ ‘ಬಿರಿ’. ಮೊಗ್ಗು ಬಿರಿಯುತ್ತದೆ, ಹಣ್ಣಾದ ಹಲಸು ಬಿರಿಯುತ್ತದೆ, ಹೊಟ್ಟೆ ಬಿರಿಯುವಷ್ಟು ನಗುತ್ತೇವೆ. ಒಳಗೆ ತುಂಬಿ, ತಡೆಯಲಾರದೆ ತೆರೆದುಕೊಳ್ಳುವುದು ಅನ್ನುವ ಭಾವ ಅದರಲ್ಲಿದೆ. ‘ಅರಳು’ ಮೆತ್ತಗಾಯಿತು, ಈ ದನಿಯ ಒರಟು ಅದರಲ್ಲಿ ಬರುವುದಿಲ್ಲ. ‘ಒಡೆ’ಗೂ ಮೊಳಕೆಯೊಡೆ, ಚಿಗುರೊಡೆ ಎಂಬ ಒಳ್ಳೆಯ ಬಳಕೆಗಳಿವೆ, ಒಪ್ಪುತ್ತೇನೆ. ಆದರೆ ದನಿಯ ಜೊತೆ ಬಂದಾಗ ಅದು ಒಡಕು ದನಿಯೇ. ‘ಆಂಪ್ ಬಿರಿತ’, ‘ಕೋನು ಬಿರಿತ’ ಎಂದು ಬಿಡಿಸಿ ಹೇಳಿದರೆ ಯಾವುದು ಎಲ್ಲಿಂದ ಬಂತೆಂದೂ ತಿಳಿಯುತ್ತದೆ.

ಕೆಲವು ಸ್ಪೀಕರುಗಳಿಗೆ ಈ ಮಾತು ಹಚ್ಚಿ ನೋಡೋಣ. ವಾಕ್ಸ್ ಎಸಿ30 ಆಂಪಿನ ಹೆಸರಿಗೆ ಅಂಟಿಕೊಂಡಿರುವ ಸೆಲೆಸ್ಟಿಯನ್ ಕಂಪನಿಯ ಬ್ಲೂ, ಅಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತದ್ದು. ತಡೆಯುವುದು 15 ವಾಟ್ ಮಾತ್ರ, ಬೇಗ ಬಿರಿಯುತ್ತದೆ, ಮೇಲುಸ್ವರಗಳಲ್ಲಿ ಗೆಜ್ಜೆಯ ಸದ್ದಿದೆ. ಅದೇ ಕಂಪನಿಯ 25 ವಾಟಿನ ಗ್ರೀನ್‌ಬ್ಯಾಕ್ ಸಿರಾಮಿಕ್ ಅಯಸ್ಕಾಂತದ್ದು. ನಡುಸ್ವರ ಒರಟು, ತಗ್ಗು ಸಡಿಲ, ಬಿರಿಯುವುದು ಮೆತ್ತಗೆ. ಅವರದೇ 1986ರ ವಿಂಟೇಜ್ 30 ಹೆಸರು ನೋಡಿ 30 ವಾಟ್ ಅಂದುಕೊಳ್ಳಬೇಡಿ, 60 ವಾಟ್ ತಡೆಯುತ್ತದೆ. ಮೇಲಿನ ನಡುಸ್ವರ ಮೊನಚು, ಕೂಟದಲ್ಲಿ ಎಲ್ಲ ವಾದ್ಯ ಸೀಳಿ ಬರುತ್ತದೆ. ಕಂಚಿನ ಕಂಠ ಅನ್ನುತ್ತೇವಲ್ಲ, ಅದು. ಎಲೆಕ್ಟ್ರೋವಾಯ್ಸ್ ಇವಿಎಂ12ಎಲ್ 200 ವಾಟಿನದು. ಬಿರಿಯುವುದೇ ಬೇಡ, ಆಂಪಿನ ದನಿ ಇದ್ದಂತೆ ಬರಲಿ ಅನ್ನುವವರಿಗೆ.

ವಾಟ್ ತಡೆಯುವ ಶಕ್ತಿಯೇ ಹೊರತು ಜೋರಿನ ಅಳತೆಯಲ್ಲ. ಜೋರು ಹೇಳುವುದು ‘ಸೆನ್ಸಿಟಿವಿಟಿ’, ಅಂದರೆ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದ ಡೆಸಿಬಲ್. ಗ್ರೀನ್‌ಬ್ಯಾಕ್ 98, ವಿಂಟೇಜ್ 30 ನೂರು. ಎರಡೇ ಡೆಸಿಬಲ್, ಆದರೂ ಸ್ಪೀಕರ್ ಬದಲಿಸಿದ ಮಾತ್ರಕ್ಕೆ 25 ವಾಟಿನ ಆಂಪ್ ಸುಮಾರು 40 ವಾಟಿನದರಂತೆ ಕೇಳುತ್ತದೆ. ‘ಸೆನ್ಸಿಟಿವಿಟಿ’ಗೆ ‘ಸೂಕ್ಷ್ಮತೆ’ ಅನ್ನುವ ರೂಢಿ ಇಲ್ಲಿ ದಾರಿ ತಪ್ಪಿಸುತ್ತದೆ, ‘ಒದಗು’ ಹೇಗೆ?

‘ಒಡಕು’ ಅನ್ನುವುದನ್ನು ಕೆಡುಕಿಗೇ ಬಿಡೋಣ. ಗುರುತಿಸುವ ಬಗೆ ಹೀಗೆ: ಆಂಪ್ ಆಫ್ ಮಾಡಿ ಸ್ಪೀಕರಿನ ವೈರು ಬಿಚ್ಚಿ, ಟೊಪ್ಪಿಯ ಸುತ್ತ ಬೆರಳುಗಳನ್ನು ಸಮವಾಗಿಟ್ಟು ಕೋನನ್ನು ಮೆಲ್ಲಗೆ ಒತ್ತಿ. ಸರಸರ ಅಂದರೆ ಕಾಯಿಲು ತಿಕ್ಕುತ್ತಿದೆ. ಮಲ್ಟಿಮೀಟರಿನಲ್ಲಿ 8 ಓಮಿನ ಸ್ಪೀಕರು 6ರಿಂದ 7 ತೋರಿಸಬೇಕು, ಏನೂ ತೋರದಿದ್ದರೆ ಕಾಯಿಲು ಸುಟ್ಟಿದೆ ಅಥವಾ ಎಳೆ ಕಿತ್ತಿದೆ. ಎರಡೂ ಸರಿಯಿದ್ದು, ದನಿ ಇಳಿಸಿದಾಗ ಒರಟು ಹೋದರೆ ಬಿರಿತ. ಇಳಿಸಿದರೂ ಒಂದೇ ಸ್ವರಕ್ಕೆ ಗರಗರ ಅಂದರೆ ಒಡಕು. ಆಂಪಿನ ಗೇನ್ (ಒಳಬರುವ ದನಿಯನ್ನು ಹಿಗ್ಗಿಸುವ ಗುಂಡಿ) ಹೆಚ್ಚಿಟ್ಟಿದ್ದರೆ ಮಾತ್ರ ಈ ಪರೀಕ್ಷೆ ಸುಳ್ಳಾಗುತ್ತದೆ, ಮೊದಲು ಅದನ್ನು ತಗ್ಗಿಸಿ. ನಮ್ಮ ಮಳೆಗಾಲದಲ್ಲಿ ಕಾಗದ ಥಂಡಿ ಹೀರಿ ತೂಕವಾಗುತ್ತದೆ, ದನಿ ಮಂಕಾಗುತ್ತದೆ. ಅದು ಒಡಕಲ್ಲ, ಒಣಗಿದರೆ ಸರಿಹೋದೀತು. ಕಾಯಿಲಿನ ಸಂದಿಗೆ ತುಕ್ಕು ಹತ್ತಿದರೆ ಮಾತ್ರ ಕಷ್ಟ. ಬಿಸಿಲಿಗೂ ಒಲೆಯ ಹತ್ತಿರಕ್ಕೂ ಒಯ್ಯಬೇಡಿ, ಅಂಟು ಬಿಡುತ್ತದೆ.

ಇನ್ನು ‘ಬ್ರೇಕ್‌ ಇನ್’. ಹೊಸ ಸ್ಪೀಕರಿನ ಬಿಗಿ ಕೆಲವು ಗಂಟೆ ನುಡಿಸಿದ ಮೇಲೆ ಸಡಿಲವಾಗುವುದು. ಇದಕ್ಕೆ ‘ಪಳಗುವುದು’ ಸಾಕು, ಚರ್ಚೆ ಬೇಡ.

ಕೇಳಬೇಕಾದ್ದು ಎರಡು. ‘ಬಿರಿತ’ ಅಂದಾಗ ನಿಮ್ಮ ಕಿವಿಗೆ ‘ಬಿರುಕು’ ನೆನಪಾಗುತ್ತದೆಯೇ? ಬೇರು ಒಂದೇ ಆದ್ದರಿಂದ ಆ ಅಳುಕು ನನಗಿದೆ. ಎರಡನೆಯದು, ಚಂಡೆ ಮದ್ದಳೆಗೆ ಮುಚ್ಚಿಗೆ ಹಾಕುವವರು ತುಸು ಒರಟಾದರೂ ಇಷ್ಟವಾಗುವ ದನಿಗೆ ಏನೆನ್ನುತ್ತಾರೆ? ಸಾಗರ, ಹೊಸನಗರದ ಕಡೆ ಕೇಳಿದ್ದರೆ ಆ ಪದವನ್ನು ಅವರು ಹೇಳಿದ ಹಾಗೆಯೇ ಬರೆಯಿರಿ.