‘ಮುಕ್ತ ಉಳಿಕೆ ಕ್ಲೋರಿನ್’ಗೆ ಬೇರೆ ಮಾತಿದೆಯಾ?

ಎಲ್ಲರಿಗೂ ನಮಸ್ಕಾರ.

ಊರಿನ ನೀರಿನ ಟ್ಯಾಂಕಿಗೆ ಕೂರಿಸುವ ಕಡಿಮೆ ಬೆಲೆಯ ಕ್ಲೋರಿನ್ ಸೆನ್ಸರ್ ಒಂದಕ್ಕೆ ಕನ್ನಡ ಸಾಲುಗಳನ್ನು ಬರೆಯುತ್ತಿದ್ದೇನೆ. ಓದುವವರು ನೀರುಗಂಟಿಗಳು. ಪರದೆ ಪುಟ್ಟದು, ಎರಡು ಸಾಲಿಗೇ ತುಂಬಿಹೋಗುತ್ತದೆ. (‘ಸೆನ್ಸರ್’ ಹಾಗೇ ಇರಲಿ, ‘ಸಂವೇದಕ’ದ ಜಗಳ ಬೇಡ.)

ನನ್ನ ತಕರಾರು ‘ಮುಕ್ತ ಉಳಿಕೆ ಕ್ಲೋರಿನ್’ ಬಗ್ಗೆ. ಬ್ಲೀಚಿಂಗ್ ಪೌಡರ್ ಹಾಕಿದಾಗ ಒಂದಿಷ್ಟು ಕ್ಲೋರಿನ್ ನೀರಿನ ಕೊಳೆಗೆ, ಕಬ್ಬಿಣಕ್ಕೆ ಖರ್ಚಾಗುತ್ತದೆ. ಒಂದಿಷ್ಟು ಅಮೋನಿಯಾ ಜೊತೆ ಕೂಡಿಕೊಳ್ಳುತ್ತದೆ. ಯಾವುದಕ್ಕೂ ಸೇರದೆ ಮಿಕ್ಕಿದ್ದು ‘ಮುಕ್ತ’. ಸರಿ, ಆದರೆ ಊರಲ್ಲಿ ಈ ಪದ ಕಾಣುವುದು ‘ಬಯಲು ಶೌಚ ಮುಕ್ತ’, ‘ಪ್ಲಾಸ್ಟಿಕ್ ಮುಕ್ತ’ ಬೋರ್ಡುಗಳಲ್ಲಿ. ಅಂದರೆ ‘ಇಲ್ಲ’ ಅಂತ ಅಲ್ವಾ? ಪದ ಸ್ವಲ್ಪ ಹಿಂದುಮುಂದಾಗಿ ‘ಕ್ಲೋರಿನ್ ಮುಕ್ತ’ ಆದರೆ ಅರ್ಥ ಪೂರ್ತಿ ಉಲ್ಟಾ.

‘ಉಳಿಕೆ’ಯೂ ಹಾಗೇ. ತರಕಾರಿಯಲ್ಲಿ ಕೀಟನಾಶಕದ ಉಳಿಕೆ ಅಂತ ಓದಿ ಓದಿ, ಅದು ಇರಬಾರದ ವಸ್ತು ಅನ್ನಿಸಿಬಿಟ್ಟಿದೆ. ಇಲ್ಲಿ ಉಳಿಯಲೇಬೇಕು. ಭಾರತೀಯ ಮಾನಕ ಐಎಸ್ 10500 ಪ್ರಕಾರ, ಕ್ಲೋರಿನ್ ಹಾಕಿದ ನೀರು ಮನೆ ನಲ್ಲಿಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ದಾರಿಯಲ್ಲಿ ಪೈಪ್ ಒಡೆದು ಚರಂಡಿ ನೀರು ನುಸುಳಿದರೆ ಅದರ ರೋಗಾಣುಗಳನ್ನು ಸ್ವಲ್ಪವಾದರೂ ತಡೆಯುವುದು ಇದೇ.

ಹಾಗಾದರೆ ಸುಮ್ನೆ ‘ಕ್ಲೋರಿನ್’ ಅಂತ ಹಾಕಿಬಿಡಿ ಅನ್ನಬಹುದು. ಅದೂ ಕಷ್ಟ. ನೀರು ಹಳದಿಯಾಗುವ ಹಳೇ ಆರ್ಥೊಟಾಲಿಡಿನ್ ಪರೀಕ್ಷೆ ಕೂಡಿಕೊಂಡ ಕ್ಲೋರಿನ್ನನ್ನೂ ಸೇರಿಸಿ ತೋರಿಸುತ್ತದೆ. ಗುಲಾಬಿಯಾಗುವ ಡಿಪಿಡಿ ಪರೀಕ್ಷೆ ಮುಕ್ತವನ್ನು ಮಾತ್ರ ಬೇರೆಯಾಗಿ ತೋರಿಸಬಲ್ಲದು. ಅಗ್ಗದ ಎಲೆಕ್ಟ್ರೋಡ್ ಸೆನ್ಸರುಗಳದ್ದು ಇನ್ನೊಂದು ಕತೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸಿಗುವುದು ಮುಖ್ಯವಾಗಿ ಮುಕ್ತ ಕ್ಲೋರಿನ್‌ನ ಒಂದು ರೂಪವಾದ ಹೈಪೋಕ್ಲೋರಸ್ ಆಮ್ಲ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.5ರ ಹತ್ತಿರ ಮುಕ್ತ ಕ್ಲೋರಿನ್‌ನಲ್ಲಿ ಅದು ಅರ್ಧದಷ್ಟು ಇರುತ್ತದೆ, 8.5ಕ್ಕೆ ಏರಿದರೆ ಹತ್ತರಲ್ಲಿ ಒಂದು ಪಾಲು. ಪಿಎಚ್ ಲೆಕ್ಕ ಹಿಡಿಯದ ಸೆನ್ಸರ್ ಆದರೆ ಪೌಡರ್ ಅಷ್ಟೇ ಹಾಕಿದ್ದರೂ ಅಂಕಿ ಇಳಿಯುತ್ತದೆ. ಪರದೆಯಲ್ಲಿ ಒಂದು, ಪರೀಕ್ಷೆಯ ಬಾಟಲಿಯಲ್ಲಿ ಇನ್ನೊಂದು ಕಂಡರೆ ನೀರುಗಂಟಿ ಯಾವುದನ್ನು ನಂಬಬೇಕು? ಮುಕ್ತವಾಗಿ ಮಿಕ್ಕಿದ್ದು, ಅಮೋನಿಯಾ ಜೊತೆ ಕೂಡಿಕೊಂಡದ್ದು, ಎರಡಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು.

ನನಗೆ ಹಿಡಿಸಿದ್ದು ‘ಬಿಡಿ ಕ್ಲೋರಿನ್’ ಮತ್ತು ‘ಕೂಡಿದ ಕ್ಲೋರಿನ್’. ಬಿಡಿ ಹೂವು, ಕಟ್ಟಿದ ಹೂವು ಇದ್ದ ಹಾಗೆ. ಒಂದೇ ಅಳುಕು: ದಿನಾ ‘ನೀರು ಬಿಡಿ’ ಅನ್ನಿಸಿಕೊಳ್ಳುವವರು ಇದನ್ನು ‘ಕ್ಲೋರಿನ್ ಬಿಡಿ’ ಅನ್ನುವ ಆರ್ಡರ್ ಅಂದುಕೊಂಡು ಇನ್ನೊಂದು ಬೊಗಸೆ ಪೌಡರ್ ಸುರಿದರೆ?

ನಿಮ್ಮ ಕಡೆ ನೀರು ಬಿಡುವವರು ಇದಕ್ಕೆ ಏನಂತಾರೆ? ಕಲಬುರಗಿ, ರಾಯಚೂರು ಕಡೆಯವರು ಹೇಳಿದರೆ ಇನ್ನೂ ಒಳ್ಳೆಯದು.