ಸಹಾಯ ಬೇಕು: ದುಬೈನಲ್ಲಿ ತಮ್ಮನ ಪಾಸ್‌ಪೋರ್ಟ್ ಮಾಲೀಕರ ಕೈಯಲ್ಲಿದೆ

ದುಬೈನಲ್ಲಿ ಇರುವವರು ದಯವಿಟ್ಟು ಓದಿ. ನಮ್ಮ ಚಿಕ್ಕಮ್ಮನ ಮಗ, ಕುಂದಾಪುರದ ಹುಡುಗ, ಏಜೆಂಟ್ ಮಾತು ನಂಬಿ ವಿಸಿಟ್ ವೀಸಾದಲ್ಲಿ ಹೋಗಿದ್ದಾನೆ. 'ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಆಗ್ತದೆ' ಅಂದಿದ್ದರಂತೆ. ಈಗ ಮಾಲೀಕರು ಪಾಸ್‌ಪೋರ್ಟ್ ಇಟ್ಟುಕೊಂಡು ಕೊಡುತ್ತಿಲ್ಲ. ಹಾಗೆ ಇಟ್ಟುಕೊಳ್ಳುವುದು ಅಲ್ಲಿ ಕಾನೂನಿಗೆ ವಿರುದ್ಧ, ಗೊತ್ತು. ಆದರೆ ಹುಡುಗ ಪೂರಾ ಹೆದರಿದ್ದಾನೆ. ವೀಸಾ ಮುಗಿಯಲು ಇನ್ನು 9 ದಿನ. ಆಮೇಲೆ ದಿನಕ್ಕೆ 50 ದಿರ್ಹಂ ದಂಡ.

ನಾನು ಇಲ್ಲಿಂದ ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇನೆ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 80046342ಕ್ಕೆ ಫೋನ್ ಮಾಡು ಅಂತ ಅವನಿಗೂ ಹೇಳಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಮೊದಲು ಕಾನ್ಸುಲೇಟ್‌ಗೆ ಹೋಗಬೇಕಾ, ಪೊಲೀಸರ ಹತ್ತಿರವಾ? ವಿಸಿಟ್ ವೀಸಾದಲ್ಲಿ ಕೆಲಸ ಮಾಡಿದ್ದೂ ತಪ್ಪೇ ಅಲ್ವಾ, ಕೇಸು ಅವನ ಮೇಲೇ ತಿರುಗಿದರೆ? ಅನುಭವ ಇದ್ದವರು ತಿಳಿಸಿ. ಸುಮ್ನೆ ಬೈಯಬೇಡಿ, ಮನೆಯಲ್ಲಿ ಬೈದು ಮುಗಿದಿದೆ.