ಸಬ್‌ವೂಫರ್‌ನಲ್ಲಿ ಗುಂಯ್ ಸದ್ದು: 10 ಮೀಟರ್ ದೂರಕ್ಕೆ ಯಾವ ವೈರ್?

ಪ್ರಶ್ನೆ

5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸೆಟಪ್. ರಿಸೀವರ್ ಟಿವಿ ಕೆಳಗೆ, 10 ಇಂಚಿನ ಆಕ್ಟಿವ್ ಸಬ್‌ವೂಫರ್ ಸೋಫಾ ಹಿಂದಿನ ಮೂಲೆಯಲ್ಲಿ. ಎರಡರ ನಡುವೆ ಗೋಡೆಯೊಳಗಿನ ಪೈಪಿನಲ್ಲಿ ಮಾಮೂಲಿ ತೆಳು ಆರ್‌ಸಿಎ ಕೇಬಲ್, ಸುಮಾರು 10 ಮೀಟರ್. ಅದೇ ಪೈಪಿನಲ್ಲಿ ಪ್ಲಗ್ ಪಾಯಿಂಟಿನ 230 ವೋಲ್ಟ್ ವೈರೂ ಇದೆ. ಏನೂ ಪ್ಲೇ ಮಾಡದಿದ್ದರೂ ಗುಂಯ್ ಅನ್ನುತ್ತಲೇ ಇರುತ್ತದೆ. ದಪ್ಪ ಸ್ಪೀಕರ್ ವೈರ್ ಹಾಕಿದರೆ ನಿಲ್ಲುತ್ತದಾ?

ಉತ್ತರ

ನಿಲ್ಲಲ್ಲ ಸರ್, ಹೆಚ್ಚಾಗುತ್ತದೆ. ಆಕ್ಟಿವ್ ಸಬ್‌ನೊಳಗೆ ಅದರದ್ದೇ ಆಂಪ್ಲಿಫೈಯರ್ ಇರುತ್ತದೆ. ರಿಸೀವರ್‌ನ ಸಬ್ ಪ್ರೀ ಔಟ್‌ನಿಂದ ಹೋಗುವುದು ಸಣ್ಣ ಸಿಗ್ನಲ್, ಅದಕ್ಕೆ ಶೀಲ್ಡ್ (ಒಳತಂತಿಯ ಸುತ್ತ ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆ) ಬೇಕೇಬೇಕು. ಸ್ಪೀಕರ್ ವೈರಿಗೆ ಅದಿರಲ್ಲ.

ದುಡ್ಡು ಹಾಕುವ ಮೊದಲು ಸದ್ದು ಎಲ್ಲಿಂದ ಸೇರುತ್ತಿದೆ ಅಂತ ಹಿಡಿಯಿರಿ. ಪ್ರತಿ ಸಲವೂ ಸಬ್ ಆಫ್ ಮಾಡಿಯೇ ಕೇಬಲ್ ಬಿಚ್ಚಿ, ಹಾಕಿ. ಮೊದಲು ಸಬ್ ಕಡೆಯ ಆರ್‌ಸಿಎ ಬಿಚ್ಚಿ ಆನ್ ಮಾಡಿ. ಆಗಲೂ ಗುಂಯ್ ಅಂದರೆ ದೋಷ ಸಬ್‌ನದ್ದೇ. ಸುಮ್ಮನಾದರೆ ಸಬ್ ಅನ್ನು ರಿಸೀವರ್ ಪಕ್ಕಕ್ಕೆ ತಂದು, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎರಡಕ್ಕೂ ಕರೆಂಟ್ ಕೊಟ್ಟು, 1 ಮೀಟರ್ ಕೇಬಲ್ ಹಾಕಿ ಕೇಳಿ. ಅಲ್ಲಿಯೂ ಸದ್ದಿದ್ದರೆ ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಡಿಶ್ ಕೇಬಲ್ ಬಿಚ್ಚಿ. ನಂತರ ಸಬ್ ಅನ್ನು ಮೂಲೆಗೇ ಒಯ್ದು, ಗೋಡೆಯ ಕೇಬಲ್ ಹಾಕಿ, ಕರೆಂಟ್ ಮಾತ್ರ ರಿಸೀವರ್‌ನ ಬೋರ್ಡಿನಿಂದಲೇ ಎಳೆಯಿರಿ. ಗುಂಯ್ ಬಂದರೆ ಕಾರಣ ಬಹುಮಟ್ಟಿಗೆ ಆ ಪೈಪು. ಬರದಿದ್ದರೆ ಎರಡು ಪಾಯಿಂಟ್‌ಗಳ ಅರ್ತಿಂಗ್ ನಡುವಿನ ವ್ಯತ್ಯಾಸ.

ಪ್ರಶ್ನೆ

ಪಕ್ಕದಲ್ಲಿಟ್ಟಾಗ ಸಣ್ಣ ಸದ್ದಿತ್ತು, ಡಿಶ್ ಕೇಬಲ್ ಬಿಚ್ಚಿದ ತಕ್ಷಣ ಹೋಯಿತು. ಮೂಲೆಗೆ ಒಯ್ದರೆ ಮತ್ತೆ ಬಂತು. ಸಬ್‌ನ ಅರ್ತ್ ಪಿನ್ ತೆಗೆದುಬಿಡಿ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ.

ಉತ್ತರ

ದಯವಿಟ್ಟು ಅದೊಂದು ಮಾಡಬೇಡಿ. ಒಳಗೆ ಇನ್ಸುಲೇಷನ್ ಕೆಟ್ಟರೆ ಹಿಂದಿನ ಲೋಹದ ಪ್ಲೇಟಿಗೆ 230 ವೋಲ್ಟ್ ಬರುತ್ತದೆ, ಮುಟ್ಟಿದವರ ಜೀವಕ್ಕೇ ಅಪಾಯ.

ನಿಮ್ಮಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಡಿಶ್ ಕೇಬಲ್‌ನದ್ದು ಗ್ರೌಂಡ್ ಲೂಪ್, ಅಂದರೆ ಅರ್ತಿಗೆ ಎರಡು ದಾರಿಯಾಗಿ ಅವುಗಳ ನಡುವೆ ಕರೆಂಟ್ ಸುತ್ತುವುದು. ಲೂಪ್ ಕಡಿಯಲು ಕೇಬಲ್ ಟಿವಿಗೆ ಹಾಕುವ ಐಸೋಲೇಟರ್ ಇಲ್ಲಿ ಆಗಲ್ಲ, ಏಕೆಂದರೆ ಡಿಶ್‌ನ ಎಲ್‌ಎನ್‌ಬಿಗೆ (ತಟ್ಟೆಯ ಮುಂದಿರುವ ರಿಸೀವಿಂಗ್ ಘಟಕ) ಅದೇ ಕೇಬಲ್‌ನಲ್ಲಿ 13 ಅಥವಾ 18 ವೋಲ್ಟ್ ಡಿಸಿ ಹೋಗಬೇಕು, ಐಸೋಲೇಟರ್ ಅದನ್ನು ತಡೆಯುತ್ತದೆ. ಬದಲಿಗೆ ಸಬ್ ಲೈನಿಗೆ ಆರ್‌ಸಿಎ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಸ್ಪೆಸಿಫಿಕೇಷನ್‌ನಲ್ಲಿ 20 ಹರ್ಟ್ಸ್‌ವರೆಗೆ ಅಂತ ಇರಬೇಕು. ಅಗ್ಗದವುಗಳ ಪುಟ್ಟ ಕೋರ್ ಆಳದ ಬೇಸ್‌ಗೆ ಸ್ಯಾಚುರೇಟ್ ಆಗಿ, ನೀವು ಸಬ್ ತಂದ ಉದ್ದೇಶವೇ ಹಾಳಾಗುತ್ತದೆ.

ಪೈಪಿಗೆ ಅಡ್ಡದಾರಿಯಿಲ್ಲ. ಮೇನ್ಸ್ ಜೊತೆ ಸಿಗ್ನಲ್ ಕೇಬಲ್ ಎಳೆಯಲೇಬಾರದು. ಮೇನ್ಸ್ ವೈರಿನ ಸಿಪ್ಪೆ ಎಲ್ಲಾದರೂ ಉಜ್ಜಿಹೋದರೆ ಆ ಕರೆಂಟ್ ನೇರ ರಿಸೀವರ್‌ಗೆ. ಬೇರೆ 25 ಮಿಮೀ ಪೈಪ್ ಹಾಕಿಸಿ, ಇಲ್ಲವೇ ಸ್ಕರ್ಟಿಂಗ್ ಮೇಲೆ ಕೇಸಿಂಗ್ ಹೊಡೆಸಿ. ಮೇನ್ಸ್‌ನಿಂದ 30 ಸೆಂಮೀ ದೂರವಿದ್ದರೆ ಒಳ್ಳೆಯದು, ದಾಟಲೇಬೇಕಾದ ಕಡೆ 90 ಡಿಗ್ರಿಯಲ್ಲಿ ದಾಟಲಿ.

ಕೇಬಲ್: ತಾಮ್ರದ ಹೆಣಿಗೆ ಶೀಲ್ಡ್ 95% ಇರುವ ಆರ್‌ಜಿ-59 ಅಥವಾ ಆರ್‌ಜಿ-6 ಕೋಆಕ್ಸಿಯಲ್ ಕೇಬಲ್. 12 ಮೀಟರ್ ತನ್ನಿ, ಎಳೆದಾದ ಮೇಲೆ ಎರಡೂ ತುದಿಗೆ ಆರ್‌ಸಿಎ ಕಂಪ್ರೆಷನ್ ಕನೆಕ್ಟರ್ ಹಾಕಿಸಿ. ಡಿಶ್‌ನವರು ಬಿಟ್ಟುಹೋದ ತುಂಡು ಬೇಡ. ಅದರ ಶೀಲ್ಡ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಹಾಳೆ ಮತ್ತು ನಾಲ್ಕೆಳೆ, ರೆಸಿಸ್ಟೆನ್ಸ್ ಜಾಸ್ತಿ. ಲೂಪ್ ಕರೆಂಟ್ ಶೀಲ್ಡ್‌ನಲ್ಲಿ ಹರಿದಾಗ ಆ ರೆಸಿಸ್ಟೆನ್ಸ್ ಮೇಲೆ ಬೀಳುವ ವೋಲ್ಟೇಜೇ ನಿಮಗೆ ಗುಂಯ್ ಅಂತ ಕೇಳುವುದು. ಉದ್ದದಿಂದ ಬೇಸ್ ಕಡಿಮೆಯಾಗುತ್ತದೆಂಬ ಚಿಂತೆ ಬಿಡಿ, 10 ಮೀಟರ್‌ಗೆ ಅದು ಲೆಕ್ಕಕ್ಕೇ ಬರಲ್ಲ.

ಪ್ರಶ್ನೆ

ಸಬ್ ಹಿಂದೆ ಎಲ್, ಆರ್ ಎರಡು ಇನ್‌ಪುಟ್ ಇವೆ. ಒಂದನ್ನು ಎರಡಾಗಿ ಸೀಳುವ ವೈ ಕೇಬಲ್ ಬೇಕಾ?

ಉತ್ತರ

ಬೇಡ. ಅವುಗಳಲ್ಲಿ ಎಲ್‌ಎಫ್‌ಇ (ಆಳದ ಬೇಸ್ ಚಾನೆಲ್) ಅಂತಲೂ ಬರೆದಿರುವುದಕ್ಕೆ ಒಂದೇ ಕೇಬಲ್ ಸಾಕು. ಸಬ್‌ನ ಕ್ರಾಸ್‌ಓವರ್ ನಾಬ್ (ಸಬ್ ಎಷ್ಟು ಹರ್ಟ್ಸ್‌ವರೆಗೆ ನುಡಿಸಬೇಕೆಂದು ನಿಗದಿಮಾಡುವುದು) ಪೂರ್ತಿ ಮೇಲಕ್ಕೆ ತಿರುಗಿಸಿ, ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು 'ಸ್ಮಾಲ್', 80 ಹರ್ಟ್ಸ್‌ಗೆ ಇಡಿ. ಅದಕ್ಕಿಂತ ಕೆಳಗಿನ ಬೇಸ್ ಸಬ್‌ಗೆ ಹೋಗುತ್ತದೆ.